ನನಗಿಂತ ಮೊದಲು ಜರ್ಮನಿ ಸೇರಿದ ನನ್ನ ಬ್ಯಾಗು

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು, ಅದರಲ್ಲಿ ಹದಿನಾಲ್ಕು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವನು ನಾನು. ಯಾವ ಮುಷ್ಕರ ನಡೆಯುತ್ತದೆ, ಯಾವುದು ಹಿಂದಿನ ಸಂಜೆಯೇ ಕಾಫಿ-ಬೋಂಡಾದಲ್ಲಿ ಮುಗಿಯುತ್ತದೆ ಎಂದು ವಾಸನೆಯಲ್ಲೇ ಹೇಳಬಲ್ಲೆ. ಹಾಗೆಂದು ನಂಬಿದ್ದೆ.

ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ವಚನ ಹಾಡುವ ಏಳು ಹೆಂಗಸರ ಬಳಗವೊಂದಿದೆ. ನನ್ನ ಹೆಂಡತಿ ಮಂಜುಳಾ ಅದರ ಮುಖ್ಯ ಗಾಯಕಿ. ಜರ್ಮನಿಯ ಕನ್ನಡ ಸಂಘವೊಂದು ಬಸವ ಜಯಂತಿಗೆ ಇವರನ್ನು ಕರೆಸಿಕೊಂಡಿತು. ಜೊತೆಗೆ ನಾನೂ ಹೊರಟೆ. (ಪಟ್ಟಿಯಲ್ಲಿ ನನ್ನ ಹುದ್ದೆ 'ಸಹಾಯಕ' ಎಂದಿತ್ತು. ಯಾರಿಗೆ, ಯಾವುದಕ್ಕೆ ಎಂದು ಬರೆದಿರಲಿಲ್ಲ.)

ಹತ್ತು ದಿನ ಮುಂಚೆ ಮೊಬೈಲಿನಲ್ಲಿ ಸುದ್ದಿ ಕಂಡೆ. ಮಂಜುಳಾ ಜರ್ಮನಿಯ ಸಂಘದವರಿಗೆಂದು ಕೋಡುಬಳೆ ಕರಿಯುತ್ತಿದ್ದಳು. ಅಡುಗೆಮನೆಗೆ ಓಡಿದೆ.

"ನಮ್ ವಿಮಾನದ ಪೈಲಟ್‌ಗಳು ಮುಷ್ಕರ ಮಾಡ್ತಾರಂತೆ ಕಣೇ!"

"ಮಾಡ್ತಾರೆ ಅಂತ ಹಾಕಿದಾರೋ, ಮಾಡ್ಬೋದು ಅಂತ ಹಾಕಿದಾರೋ? ಕನ್ನಡಕ ಹಾಕ್ಕೊಂಡು ಓದಿ."

"ಸಾಧ್ಯತೆ ಅಂತ ಹಾಕಿದಾರೆ. ಮುಷ್ಕರದ ಭಾಷೇಲಿ ಸಾಧ್ಯತೆ ಅಂದ್ರೆ ಖಚಿತ. ನಾನು ಕಾರ್ಯದರ್ಶಿ ಆಗಿದ್ದವನು."

"ಗೊತ್ತು ಬಿಡಿ. ನೀವು ಕರೆದ ಮುಷ್ಕರದಲ್ಲಿ ನೀವೊಬ್ರೇ ಕೂತಿದ್ರಿ. ಪೆಂಡಾಲಿಗೆ ಊಟ ತಂದ್ಕೊಟ್ಟೋಳು ನಾನೇ."

(ಇದು ಅರ್ಧಸತ್ಯ. ಊಟದ ಹೊತ್ತಿಗೆ ನಮ್ಮ ಸಂಘದ ಮಂಟಯ್ಯನೂ ಬರುತ್ತಿದ್ದ.)

ಎಲ್ಲರೂ ಬೇರೆ ಕಂಪನಿಯ ವಿಮಾನಕ್ಕೆ ಟಿಕೆಟ್ ಬದಲಾಯಿಸೋಣ ಎಂದು ಬಳಗದ ಮುಂದೆ ಒಂದು ಘನಗಂಭೀರ ಭಾಷಣ ಮಾಡಿದೆ. ಏಳೂ ಜನ ಕೇಳಿ, ಶ್ರುತಿಪೆಟ್ಟಿಗೆ ತೆಗೆದು ಅಭ್ಯಾಸಕ್ಕೆ ಕೂತರು. ಹಾಗಾಗಿ ನನ್ನದೊಂದನ್ನೇ ಬದಲಾಯಿಸಿದೆ. ಒಂದು ದಿನ ಮುಂಚೆ ಹೊರಟು, ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸಿ ಹೋಗುವ ಚಾಣಾಕ್ಷ ಮಾರ್ಗ.

"ನಿನ್ನ ರೇಷ್ಮೆ ಸೀರೆ ಎಲ್ಲಾ ನನ್ ಬ್ಯಾಗಿಗೆ ಹಾಕು. ನೀವು ಇಲ್ಲೇ ಉಳಿದ್ರೂ ಸೀರೆನಾದ್ರೂ ತಲುಪುತ್ತೆ," ಎಂದೆ.

"ಸೀರೆ ಹಾಡುತ್ತೇನ್ರೀ?" ಎಂದಳು. ಆದರೆ ಅವಳ ಪೆಟ್ಟಿಗೆ ಕೋಡುಬಳೆಯಿಂದಲೇ ತುಂಬಿತ್ತು. ಸೀರೆಗಳು ನನ್ನ ಪಾಲಿಗೆ ಬಂದವು.

ನಡುವಿನ ಆ ಊರಿನಲ್ಲಿ ಇಳಿದು ಮುಂದಿನ ವಿಮಾನಕ್ಕೆ ಸಾಲಿನಲ್ಲಿ ನಿಂತಿದ್ದೆ. ಬೋರ್ಡಿನ ಮೇಲಿದ್ದ ವಿಮಾನಗಳೆಲ್ಲ ಒಂದೊಂದಾಗಿ ರದ್ದೆಂದು ಕೆಂಪಾದವು. ನಿಲ್ದಾಣದ ನೌಕರರು ಕೆಲಸ ಬಿಟ್ಟು ಹೊರಗೆ ನಿಂತಿದ್ದರು! ಗಾಜಿನಾಚೆ ಅವರ ಬಾವುಟ ಕಂಡಾಗ ಹಳೆಯ ರಕ್ತ ಕುದಿದು ನನ್ನ ಮುಷ್ಟಿ ತಾನಾಗಿ ಮೇಲೆದ್ದಿತು. ಅದು ನಡೆಯುತ್ತಿರುವುದು ನನ್ನ ವಿರುದ್ಧ ಎಂದು ಹೊಳೆಯಲು ಐದು ನಿಮಿಷ ಬೇಕಾಯಿತು.

ಹೊರಗೆ ಕಾಲಿಡಲು ವೀಸಾ ಇಲ್ಲ. ಮೂರು ದಿನ ಕುರ್ಚಿಯೇ ಮನೆ. ಕೈತೊಳೆಯುವ ತೊಟ್ಟಿಯಲ್ಲಿ ಬನಿಯನ್ ಒಗೆದೆ, ಒಣ ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ನುಂಗಿದೆ. ಶನಿವಾರ ಮಂಜುಳಾ ಫೋನ್ ಮಾಡಿದಳು.

"ರೀ, ನಾವು ಸರಿಯಾದ ಟೈಮಿಗೆ ಬಂದ್ಬುಟ್ವಿ. ಪೈಲಟ್‌ಗಳಿಗೆ ಸಂಬಳ ಜಾಸ್ತಿ ಮಾಡಿದ್ರಂತೆ. ಮುಷ್ಕರಾನೇ ಇಲ್ಲ."

"ನಾನಿಲ್ಲಿ ಸಾಯ್ತಾ ಇದೀನಿ ಕಣೇ!"

"ಗೊತ್ತು. ನಿಮ್ ಬ್ಯಾಗ್ ಬಂತು."

"ಏನು?"

"ಮುಷ್ಕರಕ್ಕೆ ಮುಂಚೆ ಹೊರಟ ಕೊನೇ ವಿಮಾನಕ್ಕೆ ಅದನ್ನ ಹಾಕ್ಬುಟ್ಟಿದ್ರಂತೆ. ಸಂಘದವರು ಹೋಗಿ ತಂದ್ರು. ಸೀರೆ ಮಡಿಕೆ ಕೂಡ ಕೆಟ್ಟಿಲ್ಲ."

"ನಾನು?"

"ನೀವು ನಿಧಾನವಾಗಿ ಬನ್ನಿ. ಆತುರ ಏನಿಲ್ಲ."

ಭಾನುವಾರದ ಕಾರ್ಯಕ್ರಮವನ್ನು ಮೊಬೈಲಿನಲ್ಲೇ ನೋಡಿದೆ. ಹಸಿರು ರೇಷ್ಮೆ ಸೀರೆ ಉಟ್ಟು ಮಂಜುಳಾ ಹಾಡಿದಳು. ಮೂವತ್ತು ವರ್ಷದಿಂದ ಒಗ್ಗರಣೆಯ ಸದ್ದಿನ ನಡುವೆ ಕೇಳಿದ್ದ ಅದೇ ದನಿ. ಸಭೆ ಎದ್ದು ನಿಂತಿತು. ನಾನೂ ಕುರ್ಚಿಯಿಂದೆದ್ದು ಕಣ್ಣೀರು ಸುರಿಸುತ್ತಾ ಚಪ್ಪಾಳೆ ತಟ್ಟಿದೆ. ಅಕ್ಕಪಕ್ಕದವರು ಮಕ್ಕಳನ್ನು ಎತ್ತಿಕೊಂಡು ದೂರ ಸರಿದರು.

ಸೋಮವಾರ ಮಧ್ಯಾಹ್ನ ಕೊನೆಗೂ ಜರ್ಮನಿಯಲ್ಲಿ ಇಳಿದೆ. ಮಂಜುಳಾ ಡಬ್ಬಿಯಲ್ಲಿ ಅನ್ನ-ಸಾರು ಹಿಡಿದು ಕಾಯುತ್ತಿದ್ದಳು. ಅಲ್ಲೇ ಬೆಂಚಿನ ಮೇಲೆ ಕೂತು ಉಂಡೆ. "ನಡಿ, ಇನ್ನು ಊರು ನೋಡೋಣ," ಎಂದೆ.

"ನಿಮ್ ವಾಪಸ್ ಟಿಕೆಟ್ ಯಾವತ್ತಿಂದು?"

ಮೊಬೈಲ್ ತೆಗೆದೆ. ವಾರದ ಕೊನೆಗೆ ಇನ್ನೊಂದು ಮುಷ್ಕರ ಗ್ಯಾರಂಟಿ ಎಂದು ಲೆಕ್ಕ ಹಾಕಿ, ಸೋಮವಾರ ಸಂಜೆಗೇ ವಾಪಸ್ ಟಿಕೆಟ್ ತೆಗೆಸಿದ್ದೆ. ಇನ್ನು ನಾಲ್ಕು ಗಂಟೆ ಬಾಕಿ. ಬದಲಾಯಿಸಲಾಗದ ಟಿಕೆಟ್.

ಮಂಜುಳಾ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, "ನಮ್ಮನ್ನ ಇನ್ನೂ ಮೂರು ಊರಿಗೆ ಕರ್ದಿದಾರೆ. ಬರೋದು ಎಂಟು ದಿನ ಆಗುತ್ತೆ. ದೋಸೆ ಹಿಟ್ಟು ಫ್ರಿಜ್ಜಲ್ಲಿದೆ, ಹುಳಿ ಬಂದಿದ್ರೆ ಚೆಲ್ಬುಡಿ," ಎಂದಳು.

ಮೈಸೂರಿಗೆ ಬಂದ ಮರುದಿನ ಹಾಲಿನ ಬೂತಿನ ಹತ್ತಿರ ಎದುರುಮನೆಯ ಗುರುಮಲ್ಲಪ್ಪ ಹಿಡಿದುಕೊಂಡರು.

"ಏನ್ ಸ್ವಾಮ್ಯೋರೆ, ನಿಮ್ಮನೆಯೋರು ಎಲ್ಲಾ ಫೋಟೋದಲ್ಲೂ ಅವ್ರೆ, ನೀವು ಒಂದ್ರಲ್ಲೂ ಇಲ್ವಲ್ಲ? ನಿಜವಾಗ್ಲೂ ಓಗಿದ್ರಾ?"

ಮಾನದ ಪ್ರಶ್ನೆ. ಮನೆಗೆ ಓಡಿ ಪಾಸ್‌ಪೋರ್ಟ್ ತಂದು, ಜರ್ಮನಿಯ ಎರಡೂ ಮುದ್ರೆಗಳನ್ನು ಅವರ ಮೂಗಿನ ಮುಂದೆ ಹಿಡಿದೆ. ಅವರು ಕನ್ನಡಕ ಮೇಲೇರಿಸಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಹಾಲು ಕೊಳ್ಳಲು ನಿಂತವರೆಲ್ಲ ಬಗ್ಗಿ ನೋಡಿದರು. ಗುರುಮಲ್ಲಪ್ಪ ನನ್ನ ಹೆಗಲ ಮೇಲೆ ಮೆಲ್ಲನೆ ಕೈಯಿಟ್ಟರು.

"ಓಗಿದ್ದೂ ಬಂದಿದ್ದೂ ಒಂದೇ ತಾರೀಕು. ಅಲ್ಲಿಂದ್ಲೇ ವಾಪಸ್ ಕಳಿಸ್ಬುಟ್ರಾ? ಅಂಥದ್ದೇನ್ ಮಾಡ್ಬುಟ್ರಿ ಸ್ವಾಮ್ಯೋರೆ?"