ಫೋಟೊಗೆ ನಿಲ್ಲದ ದೊಡ್ಡಪ್ಪ

ಯಾರು ಏನು ಕೆಲಸ ಹೇಳಿದರೂ ಹಿಂದೆಮುಂದೆ ನೋಡದೆ ಒಪ್ಪಿಕೊಂಡು, ಆಮೇಲೆ ಮಲಗಿಕೊಂಡು ಯೋಚಿಸುವುದು ನನ್ನ ಹುಟ್ಟುಗುಣ. ನಮ್ಮ ದೊಡ್ಡಪ್ಪ ತೊಂಬತ್ತರ ಹತ್ತಿರ ಬಂದು ತೀರಿಕೊಂಡಾಗ, ಅವರು ಓದಿದ ವಿಶ್ವವಿದ್ಯಾನಿಲಯದ ಹಳೇ ವಿದ್ಯಾರ್ಥಿಗಳ ಸಂಘದವರು ತಮ್ಮ ಪತ್ರಿಕೆಗೆ ಒಂದು ಪುಟದ ಬರಹ, ಒಂದು ಫೋಟೊ ಕೇಳಿದರು. ಬರಹ ಹೇಗೋ ಆಯಿತು. ಫೋಟೊ ಸಿಗಲಿಲ್ಲ.

ಬೂಕನಕೆರೆಯ ಮನೆಯ ಜಗುಲಿಯ ಮೇಲೆ ದೊಡ್ಡವ್ವ ಆಲ್ಬಮ್ಮುಗಳನ್ನೆಲ್ಲ ತಂದು ಸುರಿದರು. "ಮನೇಲಿದ್ದು ಮೊಕ ತೋರ್ಸಿದ್ದೇ ಕಮ್ಮಿ ಕಣ್ ಮಗ. ಪುಸ್ತಕದಲ್ಲಾದ್ರೂ ಒಂದ್ಕಡೆ ಕುಂತಿರ್ಲಿ, ನೋಡ್ಕತೀನಿ" ಅಂದರು. ಗೋಡೆಯ ಮೇಲಿನ ಪಟ ಮತದಾರರ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದು ಯಾರೆಂದು ದೊಡ್ಡವ್ವನಿಗೇ ಅನುಮಾನ. ಪದವಿ ದಿನದ ಗುಂಪು ಚಿತ್ರದಲ್ಲಿ ದೊಡ್ಡಪ್ಪ ಯಾರಿಗೋ ಕುರ್ಚಿ ತರಲು ಹೊರಟಿದ್ದಾರೆ, ಬಂದಿರುವುದು ಅರ್ಧ ಗೌನು. ನಾಗಮಂಗಲದ ಮದುವೆಯಲ್ಲಿ ಬರೀ ಕೈ, ಪಾಯಸದ ಸೌಟು. ನಾಲೆಗೆ ನೀರು ಕೇಳಲು ಊರವರನ್ನು ಕೆ.ಆರ್.ಎಸ್.ಗೆ ಕರೆದೊಯ್ದಾಗ ತೆಗೆದ ಚಿತ್ರದಲ್ಲಿ ಎಲ್ಲರೂ ಇದ್ದಾರೆ. ದೊಡ್ಡಪ್ಪ ಅವರಿಗೆಲ್ಲ ಟೀ ಹೇಳಲು ಹೋಗಿದ್ದರಂತೆ.

ಪುಟ ತಿರುವುತ್ತ ನನಗೆ ಜೊಂಪು ಹತ್ತಿತು. ಚಿಕ್ಕವನಿದ್ದಾಗ ಅವರ ಸೈಕಲ್ಲಿನ ಹಿಂದೆ ಕೂತು ನಾಲೆ ಏರಿಯ ಮೇಲೆ ಕೆ.ಆರ್. ಪೇಟೆಗೆ ಹೋಗುತ್ತಿದ್ದೆ. ಯಾರದೋ ಪಹಣಿ, ಯಾರದೋ ಪಿಂಚಣಿ. ದೊಡ್ಡಪ್ಪ ಓದಿದ ಬಿ.ಎ. ಎಲ್ಲ ಊರವರ ಅರ್ಜಿ ಬರೆಯುವುದರಲ್ಲೇ ಸವೆಯಿತು. ತಣ್ಣನೆ ಗಾಳಿ, ಗದ್ದೆಯ ಹಸಿ ವಾಸನೆ, ಕೆನ್ನೆಗೆ ಅವರ ಬೆವರಿನ ಅಂಗಿ. ನಾನು ತೂಕಡಿಸಿದರೆ ಒಂದು ಕೈ ಹಿಂದೆ ಚಾಚಿ ಹಿಡಿದುಕೊಳ್ಳುತ್ತಿದ್ದರು. "ಬಿದ್ಗಿದ್ದೀಯ ಕಣ್ಲಾ, ಇನ್ನೂ ಬಾಳ ಕೆಲ್ಸ ಅದೆ." ಆ ಬೆನ್ನು ಈಗಲೂ ಬೇಕು ಅನ್ನಿಸುತ್ತದೆ.

"ಇದ್ ನೋಡು" ಎಂದು ದೊಡ್ಡವ್ವ ಅಲುಗಾಡಿಸಿದರು. ಈಚಿನ ಚಿತ್ರ, ಗಂಜಾಂನಲ್ಲಿ ಕಾವೇರಿಯ ಮೆಟ್ಟಿಲು. ನಡುವೆ ನಾನು, ನೆಟ್ಟ ಕಲ್ಲಿನ ಹಾಗೆ. ಹಿಂದೆ, ಯಾವುದೋ ಮುದುಕಿಯ ಕೈಹಿಡಿದು ನೀರಿಗಿಳಿಸುತ್ತಿರುವ ದೊಡ್ಡಪ್ಪನ ಬೆನ್ನು. "ಇದ್ನೇ ಕಳ್ಸು. ದಿನಾ ಹೊಂಟೋಗೋ ಈ ಬೆನ್ನೇ ನಾನು ನೋಡಿದ್ದು" ಎಂದು ಬೆರಳಿನಿಂದ ಅದರ ಮೇಲಿನ ಧೂಳು ಒರೆಸಿದರು.

ಕಳಿಸಿದೆ. ಅದರಲ್ಲಿ ದೊಡ್ಡಪ್ಪ ಯಾರೆಂದು ಬರೆಯಲು ಮಾತ್ರ ಸೋಮಾರಿತನ. ಸಂಘದವರು ಹಿಂದಿನವರನ್ನೆಲ್ಲ ಕತ್ತರಿಸಿ, ಸ್ಪಷ್ಟವಾಗಿ ಕಂಡ ಒಂದೇ ಮುಖವನ್ನು, ಅಂದರೆ ನನ್ನದನ್ನು, ಅಚ್ಚು ಹಾಕಿದ್ದರು. ದೊಡ್ಡವ್ವ ಪತ್ರಿಕೆ ಮಡಿಸಿಟ್ಟು, ಗಂಜಾಂ ಚಿತ್ರಕ್ಕೇ ಕಟ್ಟು ಹಾಕಿಸಿಕೊಡು ಅಂದರು. ನನಗೆ ಬಹಳ ನಾಚಿಕೆಯಾಯಿತು.

ಮಾರನೆಯ ದಿನ, ಅದೇ ಸಂಘದವನಾದ ಪಾಂಡವಪುರದ ಗೆಳೆಯ ಫೋನ್ ಮಾಡಿದ. "ನಿನ್ ಪೋಟ ನೋಡಿ ಎದೆ ಧಸಕ್ ಅಂತು ಕಣ್ಲಾ, ಓಗೇಬುಟ್ನಲ್ಲ ಅಂತ. ಆಮೇಲೆ ಕೆಳಗ್ ಬರ್ದಿರೋದ ಓದ್ದೆ. ಜೀವಮಾನವೆಲ್ಲ ಊರೋರ್ಗೋಸ್ಕರ ಓಡಾಡ್ದೋರು ಅಂತಿತ್ತು. ಸದ್ಯ, ಇವ್ನಲ್ಲ ಬುಡು ಅಂತ ನೆಮ್ಮದಿಯಾಗಿ ಉಂಡ್ಕಂಡೆ."