ನನ್ನ ಮುಖಕ್ಕೆ ಬೆಳಕು ಹಿಡಿದ ದಿನಗಳು

೧. ಮೊಗೆಕಾಯಿ

ಮೊದಲ ಫೋಟೋದಲ್ಲಿ ನನಗೆ ಕಣ್ಣಿರಲಿಲ್ಲ.

ಮಧ್ಯಾಹ್ನ ಮಾಡಿನ ಗಾಜಿನ ಹಂಚಿನ ಕೆಳಗೆ ಕೂತು ನನ್ನನ್ನು ನಾನೇ ತೆಗೆದುಕೊಂಡದ್ದು. ಬೆಳಕು ನೆತ್ತಿಯ ಮೇಲೆ ಬಿದ್ದಿತ್ತು. ಹಣೆ ಇತ್ತು, ಮೂಗಿನ ತುದಿ ಇತ್ತು. ಕಣ್ಣಿರಬೇಕಾದಲ್ಲಿ ಎರಡು ಗುಂಡಿ.

ಶಿರಸಿ ಪೇಟೆಯ ಸ್ಟುಡಿಯೋ ಮಾಲಕರಿಗೆ ತೋರಿಸಿದೆ. ಬೆಳಗಾವಿ ಕಡೆಯವರು. ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಕೆಲಸಕ್ಕೆ ಒಬ್ಬ ಬೇಕಾಗಿದ್ದ. ಹಳೆಯ ಕ್ಯಾಮೆರಾ ಒಂದನ್ನು ನನಗೆ ಕೊಟ್ಟು, "ಗಿರಾಕಿ ಮುಖದ ಮ್ಯಾಲೆ ಕಲೀಬ್ಯಾಡ. ನಿನ್ನ ಮುಖ ಐತೆಲ್ಲ. ಅದು ಕೆಟ್ಟರ ಯಾರೂ ಕೇಳಾಂಗಿಲ್ಲ" ಎಂದಿದ್ದರು. ದೀಪಾವಳಿಯೊಳಗೆ ನನ್ನದೇ ಒಂದು ಒಳ್ಳೆಯ ಫೋಟೋ ತಂದುಕೊಡಬೇಕು. ನೋಡಿದವರು ಇದು ನೀನೇ ಎನ್ನಬೇಕು. ಆಗದಿದ್ದರೆ ಕ್ಯಾಮೆರಾ ವಾಪಸು. ಯಲ್ಲಾಪುರದ ಅಡಿಕೆ ವಖಾರಿಯಲ್ಲಿ ತಕ್ಕಡಿ ಹಿಡಿಯುವ ಕೆಲಸವನ್ನು ಮಾವ ನನಗಾಗಿ ಗೊತ್ತು ಮಾಡಿ ಇಟ್ಟಿದ್ದ. ನನಗೆ ತಕ್ಕಡಿ ಬೇಡವಾಗಿತ್ತು.

"ಇದು ಯಾರು?" ಎಂದರು ಮಾಲಕರು.

"ನಾನು."

"ನೀ ಹೇಳಿದರ ಆತೇನು? ಕಣ್ಣ ಎಲ್ಲಿ ಅದಾವು?"

ಇನ್ನೊಂದು ಫೋಟೋವೂ ಕೈಯಲ್ಲಿತ್ತು. ಕೂತವನೇ ಎದ್ದು ಬಂದು ಕ್ಯಾಮೆರಾದಲ್ಲಿ ತನ್ನನ್ನು ನೋಡಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಅಡುಗೆಮನೆಯ ಜಂತಿಗೆ ಕಟ್ಟಿದ್ದ ದಪ್ಪ ಸಾಂಬಾರು ಸೌತೆಯನ್ನು, ನಮ್ಮ ಮೊಗೆಕಾಯಿಯನ್ನು, ಬಿಚ್ಚಿ ತಂದು ನನ್ನ ತಲೆಯ ಎತ್ತರಕ್ಕೆ ತೂಗುಹಾಕಿ, ಅದರ ಮೇಲೆ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದೆ. ಆಮೇಲೆ ಅದನ್ನು ಸರಿಸಿ ನಾನು ಕೂರುವುದು. ಒಂದು ಸಲ, ಸಂಜೆ, ಬೆಳಕು ಕಿಟಕಿಯಿಂದ ಓರೆಯಾಗಿ ಬಂದಾಗ, ಸರಿಸದೆ ಮೊಗೆಕಾಯಿಯನ್ನೇ ತೆಗೆದಿದ್ದೆ. ಒಂದು ಮಗ್ಗುಲು ಹೊಳೆಯುತ್ತಿತ್ತು. ಇನ್ನೊಂದು ಮೆಲ್ಲಗೆ ಕತ್ತಲಿಗೆ ತಿರುಗಿತ್ತು. ಕಾಗದದ ಮೇಲೆ ಕೈಯಾಡಿಸಿದರೆ ಉರುಟು ಸಿಕ್ಕೀತು ಅನ್ನಿಸುತ್ತಿತ್ತು. ಹುಟ್ಟಿದಾಗಿನಿಂದ ತಿಂದ ಕಾಯಿ. ಅದು ಅಷ್ಟು ಚಂದ ಎಂದು ಗೊತ್ತಿರಲಿಲ್ಲ.

ಮಾಲಕರೂ ಬಹಳ ಹೊತ್ತು ನೋಡಿದರು.

"ಇದು ಮುಖ. ಇದನ್ನ ನಿನ್ನ ಹೆಗಲ ಮ್ಯಾಲೆ ಇಟ್ಟು ತಗಿ."

೨. ಸನ್ನೆ

ಕಿಟಕಿಯ ಪಕ್ಕ ಕೂರಲು ಕಲಿತೆ. ಕಣ್ಣು ಬಂತು. ಆದರೆ ಒಂದೇ. ಕಿಟಕಿಯ ಕಡೆಯ ಅರ್ಧ ಮುಖ ಬೆಳ್ಳಗೆ, ಉಳಿದದ್ದು ಮಸಿ.

ಬೆಳಕನ್ನು ಆ ಕಡೆಗೂ ತಿರುಗಿಸಬೇಕು. ಚಿಮಣಿ ಎಣ್ಣೆಯ ಡಬ್ಬಿ ಒಡೆದು, ತಗಡು ಬಡಿದು ಚಪ್ಪಟೆ ಮಾಡಿ, ಬೂದಿ ಹಾಕಿ ತಿಕ್ಕಿದೆ. ಕಿಟಕಿಗೆ ಎದುರಾಗಿ ಹಿಡಿದೆ. ಬೆಳಕು ತಗಡಿಗೆ ಬಡಿದು ತಿರುಗಿ ನನ್ನ ಕೆನ್ನೆಗೆ ಬಂದು ಕೂತಿತು. ಹೇಳಿದ ಮಾತು ಕೇಳುವ ಕರುವಿನ ಹಾಗೆ. ನಾನು ಬೆಳಕಿಗೆ ದಾರಿ ತೋರಿಸುತ್ತಿದ್ದೇನೆ ಎಂದು ಮೈ ಜುಮ್ಮೆಂದಿತು. ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಬೆಳಿಗ್ಗೆಯೆಲ್ಲ ಅದೇ ಆಟ.

ಬಾಗಿಲು ಬಡಿದರು. ಪೋಲೀಸಿನವನು.

ಆಗ ಸಿದ್ದಾಪುರದ ಕಡೆ ಬ್ರಿಟಿಷ್ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಜನ ನಿಂತಿದ್ದರು. ಶಿರಸಿಯಲ್ಲೂ ಪೋಲೀಸರ ಕಣ್ಣು ಎಲ್ಲ ಕಡೆ ಇತ್ತು. ನನ್ನ ತಗಡಿನ ಬೆಳಕು ಕಿಟಕಿ ದಾಟಿ ಎದುರು ಸಾಲಿನ ಗೋಡೆಗಳ ಮೇಲೆ ಕುಣಿದಿತ್ತಂತೆ.

"ಯಾರಿಗೆ ಸನ್ನೆ ಮಾಡ್ತಿದ್ದೆ?" ಎಂದ.

"ನನ್ನ ಎಡಗೆನ್ನೆಗೆ."

"ಹುಡುಗಾಟ ಆಡ್ತೀಯಾ?"

ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಎದುರಿಗೆ ಕನ್ನಡಿ ಇಟ್ಟೆ. ತಗಡು ಹಿಡಿದೆ. ಅವನ ಮುಖದ ಅರ್ಧ ಕತ್ತಲೆ ನಿಧಾನ ಕರಗಿತು. ಅವನು ಟೊಪ್ಪಿಗೆ ತೆಗೆದ. ಮೀಸೆ ಮುಟ್ಟಿಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ:

"ಠಾಣೆಯಲ್ಲಿ ಎಂತ ಬರೆಯಲಿ? ತಪಾಸಣೆಗೆ ಹೋದವನೇ ಚಂದ ಕಂಡ ಅಂತಲಾ?"

೩. ಸೋಸುವುದು

ತಗಡಿನ ಬೆಳಕು ಚೂಪು. ಮುಖದ ಮೇಲೆ ಒಂದೊಂದು ಮೊಡವೆಯೂ ಗುಡ್ಡದ ಹಾಗೆ ಎದ್ದು ಕಂಡಿತು.

"ಇದು ನಿನ್ನ ಮಾರಿಯೋ, ಸಹ್ಯಾದ್ರಿಯೋ?" ಎಂದು ಮಾಲಕರು ಅದನ್ನೂ ತಿರುಗಿಸಿ ಕೊಟ್ಟರು.

ಕಿಟಕಿಗೆ ಏನಾದರೂ ತೆಳ್ಳನೆಯ ಬಟ್ಟೆ ಕಟ್ಟಬೇಕು. ಮನೆಯಲ್ಲಿ ತೆಳ್ಳಗೆ ಸವೆದದ್ದು ಒಂದೇ. ಆಯಿಯ ಮಡಿ ಸೀರೆ. ಆಯಿ ನನ್ನ ತಾಯಿ. ಆ ಸೀರೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಎತ್ತರದ ಗಳದ ಮೇಲೆ ಒಣಗುತ್ತಿತ್ತು. ಕೋಲಿನಿಂದ ಎಳೆದು ಕಿಟಕಿಗೆ ಕಟ್ಟಿದೆ.

ಕೋಣೆಯೊಳಗೆ ಬೆಳಕು ಹಾಲಾಯಿತು. ಗೋಡೆ, ಸ್ಟೂಲು, ನನ್ನ ಕೈ, ಎಲ್ಲವೂ ಒಂದೇ ಮೃದು. ಸುಮ್ಮನೆ ಕೂತುಬಿಟ್ಟೆ. ಫೋಟೋ ತೆಗೆಯುವುದು ಮರೆತೇಹೋಯಿತು.

ಆಯಿ ಮಿಂದು ಒದ್ದೆಯಲ್ಲಿ ಬಂದಳು. ಗಳ ನೋಡಿದಳು. ಕಿಟಕಿ ನೋಡಿದಳು.

"ಎಂತ ಮಾಡಿದೆ ಮಾಣಿ?"

"ಬೆಳಕು ಸೋಸ್ತಾ ಇದ್ದಿ."

ಆಯಿ ಹಾಲಿನಂಥ ಬೆಳಕಿನಲ್ಲಿ ನಡುಗುತ್ತ ನಿಂತು, ಸುತ್ತಲೂ ನೋಡಿ ಕೇಳಿದಳು:

"ಬೆಳಕಲ್ಲಿ ಎಂತಾ ಕಸ ಇದ್ದು?"

೪. ಅಲುಗಾಡಿದವರು

ಸೋಸಿದ ಬೆಳಕು ಕಡಿಮೆ. ಕ್ಯಾಮೆರಾದೊಳಗೆ ಫೋಟೋ ಮೂಡುವ ಗಾಜಿನ ಪ್ಲೇಟಿಗೆ ಸಾಲುವುದಿಲ್ಲ. ಬಹಳ ಹೊತ್ತು ಕದಲದೆ ಕೂರಬೇಕು. ಒತ್ತಿದಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಡುವ ರಬ್ಬರಿನ ಉಂಡೆಯನ್ನು ಪಾದದ ಕೆಳಗಿಟ್ಟು ಒತ್ತಿ, ಉಸಿರು ಹಿಡಿದು, ರೆಪ್ಪೆ ಹೊಡೆಯದೆ.

ಹುಬ್ಬಳ್ಳಿಯಿಂದ ಪ್ಲೇಟು ತಂದುಕೊಡುತ್ತಿದ್ದವನು ಯಲ್ಲಾಪುರದ ಸಾಹೇಬ. ಊರೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರ್. ಒಂದು ದಿನ ಅವನು ಬಂದಾಗ ನಾನು ಆಗಷ್ಟೇ ಒತ್ತಿದ್ದೆ.

"ಭಟ್ರೇ, ನಿಮ್ಮ ಪೆಟ್ಟಿಗೆ."

ನಾನು ಉಸಿರು ಹಿಡಿದಿದ್ದೆ.

"ಭಟ್ರೇ!"

ಎದುರಿಗೆ ಬಂದು ಕೈ ಬೀಸಿದ. ನಾನು ಕಣ್ಣು ಮಿಟುಕಿಸಲಿಲ್ಲ. ಬಗ್ಗಿ ಮೂಗಿನ ಹತ್ತಿರ ಬೆರಳು ಹಿಡಿದ. ಉಸಿರಿಲ್ಲ.

"ಯಾ ಅಲ್ಲಾ! ಕೂತಲ್ಲೇ ಹೋಗಿಬಿಟ್ರಲ್ಲ!" ಎಂದು ಓಡಿದ. ನಾನು ಪಾದ ಎತ್ತಿ, ಉಸಿರು ಬಿಟ್ಟು, ಒಂದು ಮಾತಾಡುವುದರೊಳಗೆ ಹಂಡೆಯ ನೀರು ನನ್ನ ತಲೆಯ ಮೇಲಿತ್ತು.

ಬಚ್ಚಲಿನಲ್ಲಿ ಲಾಟೀನಿಗೆ ಕೆಂಪು ಬಟ್ಟೆ ಸುತ್ತಿ ಮದ್ದಿನ ನೀರಿನಲ್ಲಿ ಪ್ಲೇಟು ತೊಳೆದೆ. ಅವನೂ ಬಗ್ಗಿ ನೋಡುತ್ತಿದ್ದ. ನನ್ನ ಮುಖ ಬಂತು. ಮಂಕು, ಆದರೂ ಬಂತು. ಅವನು ಎದುರಿಗೆ ಬಂದದ್ದು, ಕೈ ಬೀಸಿದ್ದು ಯಾವುದೂ ಇರಲಿಲ್ಲ. ಒಂದು ಎಳೆ ಹೊಗೆ ಮಾತ್ರ.

"ನಾನೆಲ್ಲಿ?" ಎಂದ ಮೆಲ್ಲಗೆ.

"ನೀವು ಅಲುಗಾಡಿದಿರಿ ಸಾಹೇಬ್ರೆ. ಅಲುಗಾಡಿದವರು ಬರುವುದಿಲ್ಲ."

ಬಗ್ಗಿದ್ದವನು ನೆಟ್ಟಗಾದ.

"ಹಾಗಾದ್ರೆ ನಮ್ಮ ಮೋಟಾರಿನಲ್ಲಿ ಕೂತವರು ಒಬ್ಬರೂ ಬರೋದಿಲ್ಲ ಬಿಡಿ."

೫. ಶರತ್ತು

ಮಳೆ ನಿಂತಿತು. ದೀಪಾವಳಿ ಹತ್ತಿರ ಬಂತು. ಉಳಿದದ್ದು ಒಂದೇ ಪ್ಲೇಟು.

ಹಣೆ ಬಹಳ ಹೊಳೆಯುತ್ತಿತ್ತು. ಅಪ್ಪಯ್ಯನ ಹಳೆಯ ರುಮಾಲು ಪೆಟ್ಟಿಗೆಯಲ್ಲಿತ್ತು, ತಲೆಗೆ ಸುತ್ತಿಕೊಂಡೆ. ಅಪ್ಪಯ್ಯ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡವನು. ಅವನ ಫೋಟೋ ಯಾರೂ ತೆಗೆದಿರಲಿಲ್ಲ. ಸಂಜೆಯ ಬೆಳಕಿಗೆ ಓರೆಯಾಗಿ ಕೂತು ಒತ್ತಿದೆ. ಮರುದಿನ ಬಿಸಿಲಿನಲ್ಲಿ ಕಾಗದಕ್ಕೆ ಇಳಿಸಿ, ತೊಳೆದು ಒಣಗಲು ಇಟ್ಟೆ.

ಆಯಿ ಅದನ್ನು ನೋಡಿ ಅಲ್ಲೇ ಕುಸಿದು ಕೂತಳು.

"ನಿನ್ನ ಅಪ್ಪಯ್ಯ," ಎಂದಳು.

ನಾನೂ ನೋಡಿದೆ. ಕೆನ್ನೆಯ ಎಲುಬು, ಕಣ್ಣಿನ ಕೆಳಗಿನ ನೆರಳು, ತುಟಿಯ ಮಡಿಕೆ. ನನ್ನ ಮುಖದಲ್ಲಿ ಅವನು ಇಷ್ಟು ವರ್ಷ ಇದ್ದ. ಬೆಳಕು ಹುಡುಕಿ ತೆಗೆಯಿತು. ಆಮೇಲೆ ಶರತ್ತು ನೆನಪಾಯಿತು. ನೋಡಿದವರು ನಾನೇ ಎನ್ನಬೇಕಿತ್ತು. ಕೊನೆಯ ಪ್ಲೇಟೂ ಹೋಯಿತು.

ಆಯಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದಳು. ಗಂಧದ ಹಾರ ಹಾಕಿದಳು. ಅಪ್ಪಯ್ಯನ ಶ್ರಾದ್ಧಕ್ಕೆ ಕಾನಸೂರಿನಿಂದ ಮಾವ ಬಂದ. ಆಯಿಯ ಅಣ್ಣ. ಫೋಟೋದ ಮುಂದೆ ಕಣ್ಣೊರೆಸಿಕೊಂಡ.

"ಭಾವನ ಫೋಟೋ ತೆಗೆಸಿದ್ದು ಯಂಗೆ ಗೊತ್ತೇ ಇಲ್ಲೆ."

"ಮಾವ, ಅದು ಆನು."

"ಸತ್ತವರ ವಿಷಯದಲ್ಲಿ ಚೇಷ್ಟೆ ಮಾಡಡ," ಎಂದು ಗದರಿದ. "ಹಬ್ಬ ಕಳೆದಿದ್ದೇ ವಖಾರಿಗೆ ನಡೆ."

ಹಬ್ಬದ ಹಿಂದಿನ ದಿನ ಮಾಲಕರೇ ಬಂದರು, ಕ್ಯಾಮೆರಾ ಒಯ್ಯಲು. ಗೋಡೆ ನೋಡಿದವರು ಟೊಪ್ಪಿಗೆ ತೆಗೆದು ಕೈ ಮುಗಿದರು. ಆಮೇಲೆ ಹತ್ತಿರ ಹೋದರು. ಮೂಗು ಗಾಜಿಗೆ ತಾಗುವಷ್ಟು.

"ಕಣ್ಣಿನ ಕೆಳಗ ನೆರಳ ಎಷ್ಟು ಹಗೂರ ಇಳದೈತಿ ನೋಡು. ನಿಮ್ಮ ತಂದೀನ್ನ ತಗದಾವ ಯಾರು? ಅವನ ಕಡೆ ಹೋಗಿ ಕಲಿ. ನನ್ನ ಕಡೆ ಯಾಕ ಬಂದಿ?"

"ತೆಗೆದದ್ದು ನಾನು."

"ಯಾವಾಗ?"

"ಹೋದ ತಿಂಗಳು."

"ತಂದೆಯವರು ತೀರಿದ್ದು?"

"ನಾನು ಕನ್ನಡ ಶಾಲೆಯಲ್ಲಿದ್ದಾಗ."

ಮಾಲಕರು ಗೋಡೆಯಿಂದ ಹಿಂದೆ ಸರಿದರು.

"ಹಂಗಾರ ಕೂತಾವ ಯಾರು?"

ಬಾಯಿಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ರುಮಾಲು ಸುತ್ತಿಕೊಂಡು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತೆ. ಸಂಜೆಯ ಹೊತ್ತೇ ಆಗಿತ್ತು. ಬೆಳಕು ಬಂತು. ಮಾಲಕರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. ಆಯಿ ಅಡುಗೆಮನೆಯಿಂದ ಹೊರಗೆ ಬಂದವಳು ನನ್ನನ್ನು ಕಂಡು, ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿದು ನಿಂತಳು.

ಮಾಲಕರು ಟೊಪ್ಪಿಗೆ ತಿರುಗಿ ಹಾಕಿಕೊಂಡರು.

"ನೋಡಿದವರು ನೀನ ಅನ್ನಬೇಕು ಅಂತ ಶರತ್ತ ಇತ್ತು," ಎಂದರು ಮಾಲಕರು ಕಡೆಗೆ. "ಇದನ್ನ ಯಾರರ ನೀನ ಅಂದಾರೇನು?"

"ಇಲ್ಲ."

"ಮತ್ತ ಶರತ್ತ ಸೋತಿ."

ಕ್ಯಾಮೆರಾ ಹೆಗಲಿಗೇರಿಸಿದರು. ಮೆಟ್ಟಿಲಿಳಿದು ತಿರುಗಿ ನಿಂತರು.

"ಹಬ್ಬ ಮುಗಿಸಿ ಅಂಗಡಿಗೆ ಬಾ. ಗಿರಾಕಿಗೋಳನ್ನ ನೀ ತಗಿ. ಆದರ ಬದುಕಿದ್ದವರು ಬದುಕಿದ್ದಂಗ ಬರಬೇಕು ಮತ್ತ."

ಹಬ್ಬ ಮುಗಿಸಿ ಅಂಗಡಿಗೆ ಹೋದೆ. ಗೋಡೆಯ ಫೋಟೋ ಇಳಿಸಲು ಆಯಿ ಬಿಡಲಿಲ್ಲ. ಶ್ರಾದ್ಧದ ದಿನ ಅದಕ್ಕೆ ಹೂ ಹಾಕಿ ಕೈ ಮುಗಿಯುವವನು ನಾನೇ.