ಜೊತೆಗೆ ಬರಲಾಗುವುದು

ನಮ್ಮ ಸೋದರತ್ತೆಯನ್ನು ಕೆಲಸದಿಂದ ತೆಗೆದವರೆಲ್ಲ ಈಗ ಅವಳ ಗಿರಾಕಿಗಳು. ಇದು ಅವಳ ಜಂಬವೂ ಅಲ್ಲ, ನನ್ನ ಉತ್ಪ್ರೇಕ್ಷೆಯೂ ಅಲ್ಲ. ತೆಗೆದವರಿಗೆಲ್ಲ ವಯಸ್ಸಾಯಿತು, ಮೊಣಕಾಲು ಹಿಡಿದುಕೊಂಡವು, ಕಣ್ಣಿಗೆ ಪೊರೆ ಬಂತು. ಅವಳ ಅಂಗಡಿಗೆ ಬರದೆ ಇನ್ನೆಲ್ಲಿಗೆ ಹೋದಾರು?

ಅಂಗಡಿ ಎಂದೆ. ಅದು ಗದಗಿನ ಬಸ್ ನಿಲ್ದಾಣದ ಹತ್ತಿರ, ಚಹಾದಂಗಡಿಯೊಂದರ ಮಗ್ಗುಲಲ್ಲಿರುವ ಒಂದು ಮೇಜು, ಒಂದು ಬೆಂಚು ಮತ್ತು ಒಂದು ಬೋರ್ಡು. ಅಲ್ಲಿ ಏನನ್ನೂ ಮಾರುವುದಿಲ್ಲ. ಏನು ಮಾಡುತ್ತಾರೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅವಳು ಬಿಟ್ಟ ಕೆಲಸಗಳನ್ನು ಹೇಳಬೇಕು.

ಅದಕ್ಕೂ ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಉದ್ಯಮಶೀಲತೆ ಎಂಬ ವಿಷಯವೂ ನನ್ನ ಪಾಲಿಗೇ ಬಂದಿದೆ. ಹೊಸ ಉದ್ಯಮ ಕಟ್ಟುವವರು ಎಂಥ ಧೈರ್ಯವಂತರಾಗಿರಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದೇನೆ. ನಮ್ಮಪ್ಪನೂ ಹಾಗೆಯೇ. ಮೂವತ್ತಾರು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದ. ನಮ್ಮ ಮನೆತನದಲ್ಲಿ ಕೆಲಸ ಬಿಡುವುದು ಒಂದು ಕಾಯಿಲೆ ಇದ್ದಂತೆ. ಆ ಕಾಯಿಲೆ ಅಪ್ಪನ ಈ ಒಬ್ಬಳೇ ತಂಗಿಗೆ ಬಂದಿತ್ತು.

ಅವಳ ಮೊದಲ ಕೆಲಸ ಬೆಟಗೇರಿಯ ಒಂದು ಮಗ್ಗದ ಮನೆಯಲ್ಲಿ. ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದ ಹುಡುಗಿ, ನೇಕಾರರ ಕೊಳವೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಸುತ್ತುವುದು ಕೈಯ ಕೆಲಸ, ಬಾಯಿಗೆ ಏನೂ ಇರಲಿಲ್ಲ. ಹೀಗಾಗಿ ಬಾಯಿಗೆ ಬೇರೆ ಕೆಲಸ ಕೊಟ್ಟುಕೊಂಡಳು. ಒಂದು ದಿನ ಓಣಿಯ ಯಾವುದೋ ಸುದ್ದಿಯನ್ನು ಎಷ್ಟು ಸೊಗಸಾಗಿ ಹೇಳಿದಳೆಂದರೆ, ಅವಳು ಹಸಿರು ಬಿಟ್ಟು ನೀಲಿ ನೂಲು ಸುತ್ತಿಕೊಟ್ಟಳು, ನೇಕಾರ ನಗುನಗುತ್ತ ಅದನ್ನೇ ನೇಯ್ದ. ಅರ್ಧ ಸೀರೆ ಹಸಿರು, ಉಳಿದರ್ಧ ನೀಲಿ. ಮಾಲಕರು ಅವಳನ್ನು ಅಂದೇ ಮನೆಗೆ ಕಳಿಸಿದರು. ಆ ವಾರ ಬಂದ ಲಕ್ಷ್ಮೇಶ್ವರದ ವ್ಯಾಪಾರಿಯೊಬ್ಬ ಎಲ್ಲ ಸೀರೆಗಳನ್ನೂ ಬಿಟ್ಟು ಅದನ್ನೇ ಒಯ್ದು, ಅಂಥವು ಇನ್ನೂ ಆರು ಬೇಕೆಂದು ಹೇಳಿಕಳಿಸಿದ. ಮಾಲಕರು ಅವಳನ್ನು ತಿರುಗಿ ಕರೆಯಲು ಬಂದರು. ಅಷ್ಟರಲ್ಲಿ ಅವಳ ಮದುವೆ ಗೊತ್ತಾಗಿತ್ತು.

ಮದುವೆಯಾದದ್ದು ಲಕ್ಷ್ಮೇಶ್ವರಕ್ಕೆ. ಅವಳ ಗಂಡ, ಅಂದರೆ ನಮ್ಮ ಮಾವ, ಒಂದು ಬೀಜದ ಗೋದಾಮಿನಲ್ಲಿ ಕಾರಕೂನರು. ಮಿತಭಾಷಿಗಳು ಎಂದರೆ ಕಡಿಮೆಯಾದೀತು. ಮನೆಯೊಳಗಿನ ಮಾತಿನ ಒಟ್ಟು ಪಾಲಿನಲ್ಲಿ ತಮ್ಮದನ್ನೂ ಅವರು ಹೆಂಡತಿಗೇ ಬಿಟ್ಟುಕೊಟ್ಟಿದ್ದರು. ಅಲ್ಲಿ ಅತ್ತೆ ಒಂದು ಟೆಲಿಫೋನ್ ಬೂತಿಗೆ ಸೇರಿದಳು. ನಂಬರು ತಿರುಗಿಸಿ ಕೊಡುವುದು, ಮೀಟರು ನೋಡುವುದು, ಇಷ್ಟೇ ಕೆಲಸ. ಅತ್ತೆಗೆ ಇಷ್ಟರಲ್ಲೇ ನಿಲ್ಲುವುದು ಸಾಧ್ಯವಿತ್ತೇ? ಬಾಳೆಹೊಸೂರಿನ ಮುದುಕರೊಬ್ಬರು ಬಂದು, ಮಗಳನ್ನು ತವರಿಗೆ ಕಳಿಸದ ಅಳಿಯನನ್ನು ಬೈಯಬೇಕೆಂದು ನಂಬರು ಕೊಟ್ಟರು. ಆ ಕಡೆಯಿಂದ ಹಲೋ ಎಂದ ಕೂಡಲೇ ಮುದುಕರು ರಿಸೀವರು ಹಿಡಿದುಕೊಂಡು ಅತ್ತೆಯ ಮುಖ ನೋಡತೊಡಗಿದರು. ಮೀಟರು ಓಡುತ್ತಿತ್ತು. ಅತ್ತೆ ರಿಸೀವರು ಇಸಿದುಕೊಂಡು ಅವರ ಪರವಾಗಿ ಬೈದಳು. ಮುದುಕರು ಹೇಳಿದ್ದನ್ನಷ್ಟೇ ಬೈದಿದ್ದರೆ ಬೇರೆ ಮಾತಾಗಿತ್ತು, ತನ್ನವೂ ಎರಡು ಸೇರಿಸಿದ್ದಳು. ಮುಂದಿನ ವಾರ ಅಳಿಯ ಹೆಂಡತಿಯನ್ನು ಕರೆದುಕೊಂಡು ಬಂದ. ಮಾವನ ಮನೆಗಿಂತ ಮೊದಲು ಬೂತಿಗೇ ಬಂದು ಅತ್ತೆಯ ಕ್ಷಮೆ ಕೇಳಿದ. ಮಾತು ಬರದವರೆಲ್ಲ ಅಂದಿನಿಂದ ಆ ಬೂತಿಗೇ ಬರತೊಡಗಿದರು. ಕೆಲವು ವರ್ಷಗಳಲ್ಲಿ ಎಲ್ಲರ ಜೇಬಿಗೂ ಮೊಬೈಲು ಬಂದು ಬೂತು ಹಣ್ಣಿನ ರಸದ ಅಂಗಡಿಯಾಯಿತು. ಅತ್ತೆ ಅಲ್ಲಿಯೂ ಎಂಟು ದಿನ ಇದ್ದಳು. ನೆಗಡಿಯಾದವರಿಗೆ ರಸ ಕೊಡುವುದಿಲ್ಲವೆಂದು ಹಟ ಹಿಡಿದದ್ದರಿಂದ ಒಂಬತ್ತನೆಯ ದಿನ ಇರಲಿಲ್ಲ.

ಆಮೇಲೆ ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ಮೈಕು. ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗಿ ಹೇಳುವ ತಾತ್ಕಾಲಿಕ ಕೆಲಸ. ದಿನವೂ ಲಕ್ಷ್ಮೇಶ್ವರದಿಂದ ಹೋಗಿ ಬರುತ್ತಿದ್ದಳು. ತಿಂಗಳೊಳಗೆ ಸುತ್ತಲಿನ ಎಲ್ಲ ಬಸ್ಸುಗಳ ವೇಳೆ ಬಾಯಿಪಾಠವಾಯಿತು. ವೇಳೆ ಮಾತ್ರ ಹೇಳಿದ್ದರೆ ಸಾಕಿತ್ತು. "ಗದಗಿನ ಬಸ್ಸು ನಿಂತೈತಿ. ಆದ್ರ ಭಾಳ ಗದ್ದಲ ಐತಿ. ಕೂಸು ಇದ್ದೋರು, ವಯಸ್ಸಾದೋರು ಅರ್ಧಾ ತಾಸು ತಡೀರಿ, ಹಿಂದ ಖಾಲಿ ಬಸ್ಸು ಬರ್ತೈತಿ," ಎಂದು ಒಂದು ಸೋಮವಾರ ಹೇಳಿದಳು. ಬಸ್ಸಿನಲ್ಲಿದ್ದವರೆಲ್ಲ ತಾವು ವಯಸ್ಸಾದವರೆಂದು ಒಪ್ಪಿಕೊಂಡು ಕೆಳಗಿಳಿದರು. ಬಸ್ಸು ಕಂಡಕ್ಟರನೊಬ್ಬನನ್ನೇ ಕೂಡಿಸಿಕೊಂಡು ಗದಗಿಗೆ ಹೋಯಿತು. ಹಿಂದೆ ಬಂದ ಖಾಲಿ ಬಸ್ಸು ಎಷ್ಟು ತುಂಬಿತೆಂದರೆ ಬಾಗಿಲು ಹಾಕಲು ಬರಲಿಲ್ಲ. ಮೈಕಿನ ಕೆಲಸ ನಾಲ್ಕು ತಿಂಗಳಿಗೆ ಮುಗಿಯಿತು.

ಪ್ರತಿ ಸಲವೂ ಸುದ್ದಿ ಬೆಟಗೇರಿಯ ನಮ್ಮ ಮನೆಗೆ ಬರುತ್ತಿತ್ತು. ಅಪ್ಪ ಪೇಪರು ಮಡಚಿಟ್ಟು, ಮತ್ತೆ ಬಿಟ್ಟಳೇನು ಎಂದು ಕೇಳುತ್ತಿದ್ದ. ಬಿಟ್ಟಳೋ, ಬಿಡಿಸಿದರೋ ಎಂಬ ಭೇದವನ್ನು ಅವನು ಮಾಡುತ್ತಿರಲಿಲ್ಲ.

ಮಾವನಿಗೆ ಮುಂಡರಗಿಗೆ ವರ್ಗವಾಯಿತು. ಅಲ್ಲಿ ಅತ್ತೆ ಒಂದು ದೊಡ್ಡ ಸೀರೆ ಅಂಗಡಿಯಲ್ಲಿ ಸೀರೆ ತೋರಿಸಲು ನಿಂತಳು. ಮದುವೆಯ ಜವಳಿಗೆ ಹತ್ತು ಜನ ಬಂದರೆ ಒಂಬತ್ತು ಜನ ಮಾತಾಡುತ್ತಾರೆ, ಉಡುವವಳು ಸುಮ್ಮನಿರುತ್ತಾಳೆ. ಅತ್ತೆ ಆ ಒಂಬತ್ತು ಜನರ ಬಾಯಿಯನ್ನು ಬಿಟ್ಟು ಹುಡುಗಿಯ ಕಣ್ಣನ್ನು ನೋಡುತ್ತಿದ್ದಳು. ಅದು ರಾಶಿಯೊಳಗಿನ ಯಾವ ಸೀರೆಗೆ ಎರಡು ಸಲ ಹೋಗಿಬಂತೋ ಅದನ್ನೇ ಎಳೆದು ಮುಂದೆ ಹಾಕುತ್ತಿದ್ದಳು. ಒಪ್ಪದ ಸೀರೆಯನ್ನು ಒಪ್ಪುವುದಿಲ್ಲವೆಂದೇ ಹೇಳುತ್ತಿದ್ದಳು. ಹೀಗಾಗಿ ಅವಳು ಕೊಟ್ಟ ಸೀರೆ ಬದಲಿಸಿಕೊಡಿ ಎಂದು ಒಂದೂ ತಿರುಗಿ ಬರಲಿಲ್ಲ. ಸೀರೆ ಬದಲಿಸಲು ಬಂದವರೊಡನೆ ಜಗಳಾಡುವುದಕ್ಕೆಂದೇ ಆ ಅಂಗಡಿಯಲ್ಲಿ ಒಬ್ಬನನ್ನು ಇಟ್ಟಿದ್ದರು. ಅವನು ಮಧ್ಯಾಹ್ನವೆಲ್ಲ ನಿದ್ದೆ ಮಾಡತೊಡಗಿದ. ವರ್ಷದ ಕೊನೆಗೆ ಮಾಲಕರು ಇಬ್ಬರಲ್ಲಿ ಒಬ್ಬರು ಸಾಕೆಂದು ತೀರ್ಮಾನಿಸಿದರು. ನಿದ್ದೆ ಮಾಡುವವನು ಅವರ ಹೆಂಡತಿಯ ತಮ್ಮ. ಅತ್ತೆ ಮನೆಗೆ ಬಂದಳು.

ಮುಂದೆ ಮಾವ ನಿವೃತ್ತರಾಗಿ ಇಬ್ಬರೂ ಗದಗಿಗೆ ಬಂದರು. ಅತ್ತೆ ಇಲ್ಲಿಯ ಒಂದು ಸಣ್ಣ ದವಾಖಾನೆಯ ಬಾಗಿಲಲ್ಲಿ ಪಾಳಿ ಕೂಗುವ ಕೆಲಸ ಹಿಡಿದಳು. ಬಾಗಿಲ ಸಂದಿಯಿಂದ ಒಳಗಿನದು ಕಾಣುತ್ತಿತ್ತು, ಕೇಳುತ್ತಿತ್ತು. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು, ಮೂರು ತಾಸು ಕಾದು, ಒಳಗೆ ಹೋದವರನ್ನು ಡಾಕ್ಟರು ಹ್ಯಾಂಗದೀರಿ ಎಂದು ಕೇಳುವರು. ಅವರು ಕೈಮುಗಿದು, ಆರಾಮದೀವಿ, ನೀವು ಹ್ಯಾಂಗದೀರಿ ಎನ್ನುವರು. ಕೇಳಿದವರಿಗೆ ಮರ್ಯಾದೆಯಿಂದ ಉತ್ತರ ಕೊಡುವುದು ನಮ್ಮ ಕಡೆಯ ರೂಢಿಯಲ್ಲವೇ? ನೋವಿನ ಮಾತು ಬರುವ ಹೊತ್ತಿಗೆ ಮುಂದಿನ ಪಾಳಿಯವರು ಒಳಗೆ ಬಂದಿರುತ್ತಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಹೇಳಬೇಕಾದದ್ದನ್ನೆಲ್ಲ ಅತ್ತೆಗೆ ಹೇಳುತ್ತಿದ್ದರು.

ಎರಡು ವರ್ಷ ಇದನ್ನು ಕೇಳಿ ಅತ್ತೆ ತಾನಾಗಿಯೇ ಕೆಲಸ ಬಿಟ್ಟಳು. ಯಾರೂ ತೆಗೆಯದೆ ಬಿಟ್ಟದ್ದು ಅದೊಂದೇ. ಚಹಾದಂಗಡಿಯವನಿಂದ ಮೇಜಿಡುವಷ್ಟು ಜಾಗ ಕೇಳಿಕೊಂಡು ಬೋರ್ಡು ಬರೆಸಿದಳು: 'ದವಾಖಾನೆಗೆ ಜೊತೆಗೆ ಬರಲಾಗುವುದು.' ಊರಿಂದ ಬಂದವರನ್ನು ಬಸ್ಸಿನ ಬಾಗಿಲಲ್ಲೇ ಎದುರುಗೊಳ್ಳುವುದು, ತಕ್ಕ ಡಾಕ್ಟರಲ್ಲಿಗೆ ಕರೆದೊಯ್ಯುವುದು, ಒಳಗೆ ಜೊತೆಗೆ ಕುಳಿತು ಹೇಳಬೇಕಾದದ್ದನ್ನು ಹೇಳಿಸುವುದು, ರಕ್ತಪರೀಕ್ಷೆ, ಎಕ್ಸ್‌ರೇ ಫೋಟೋ, ಔಷಧಿ ಎಲ್ಲ ಮುಗಿಸಿ ಕತ್ತಲಾಗುವುದರೊಳಗೆ ಬಸ್ಸು ಹತ್ತಿಸುವುದು. ಇದಕ್ಕೆ ಇಂತಿಷ್ಟೆಂದು ಕೂಲಿ.

ಅಪ್ಪ ಬೋರ್ಡು ನೋಡಲು ಬಂದ. ನಾನೂ ಜೊತೆಗಿದ್ದೆ. ನಿಂತಲ್ಲೇ ಕೇಳಿದ: "ಮಂದಿ ಜೋಡಿ ದವಾಖಾನಿಗೆ ಹೋಗೂದು ಧರ್ಮದ ಕೆಲಸ. ಅದಕ್ಕ ರೊಕ್ಕಾ ಇಸ್ಕೋತೀಯೇನು?"

ಅತ್ತೆ ಬೆಂಚು ಒರೆಸುತ್ತಲೇ ಹೇಳಿದಳು: "ಧರ್ಮಕ್ಕಂದ್ರ ಒಂದಿನ ಹೋಗ್ತೀನಿ ಅಣ್ಣಾ. ದಂಧೆ ಅಂದ್ರ ದಿನಾ ಹೋಗಬೇಕಾಗ್ತೈತಿ."

ಅಪ್ಪ ಹೊರಟುಬಿಟ್ಟ. ಆಮೇಲೆ ಎರಡು ವರ್ಷ ಆ ರಸ್ತೆಯಲ್ಲಿ ಕಾಲಿಡಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಬೇಕಾದರೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದ. ಹಬ್ಬಕ್ಕೆ ಅತ್ತೆ ಮನೆಗೆ ಬಂದರೆ ಪೇಪರು ತೆರೆದುಕೊಂಡು ಕೂರುತ್ತಿದ್ದ.

ಮೊದಲ ತಿಂಗಳು ಯಾರೂ ಬರಲಿಲ್ಲ. ಬಂದವರು ಅರ್ಜಿ ಬರೆದುಕೊಡುವ ಮೇಜೆಂದು ತಿಳಿದು ಬಂದರು. ಅತ್ತೆ ಅರ್ಜಿಗಳನ್ನೂ ಬರೆದುಕೊಟ್ಟಳು. ಮಾವ ದಿನವೂ ಮಧ್ಯಾಹ್ನ ಬುತ್ತಿ ತಂದುಕೊಟ್ಟು, ಖಾಲಿ ಬೆಂಚಿನ ಮೇಲೆ ಒಂದು ತಾಸು ಕೂರುತ್ತಿದ್ದರು. ಯಾಕೆ ಎಂದು ನಾನು ಕೇಳಿದ್ದಕ್ಕೆ, ಬೆಂಚಿನ ಮೇಲೆ ಒಬ್ಬರಾದರೂ ಇದ್ದರೆ ಇನ್ನೊಬ್ಬರು ಬಂದು ಕೂಡುತ್ತಾರೆ ಎಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದನೆಯ ವಾಕ್ಯ ಅದು. ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯವಿದೆ.

ನಿಜವಾದ ಮೊದಲ ಗಿರಾಕಿ ಬೆಳ್ಳಟ್ಟಿಯಿಂದ ಬಂದ ಒಬ್ಬ ಮಗ ಮತ್ತು ಅವನ ತಾಯಿ. ಅವ್ವನಿಗೆ ಹೊಟ್ಟೆನೋವು, ಮೂರು ಕಡೆ ತೋರಿಸಿದರೂ ಏನೂ ಇಲ್ಲ ಎನ್ನುತ್ತಾರೆ ಎಂದು ಮಗ ಹೇಳಿದ. ಹೊಟ್ಟೆ ಎಂದಾಗ ಆ ತಾಯಿಯ ಕೈ ಹೊಟ್ಟೆಯ ಮೇಲೆ ಹೋಗಲಿಲ್ಲ. ಎಡಗಡೆಯ ಸೆರಗನ್ನು ಮತ್ತೆ ಮತ್ತೆ ಎಳೆದು ಹೊದ್ದುಕೊಳ್ಳುತ್ತಿತ್ತು. ಅತ್ತೆ ಮಗನನ್ನು ಯಾವುದೋ ಕಾಗದದ ಝೆರಾಕ್ಸು ಮಾಡಿಸಲು ಕಳಿಸಿದಳು. ಅವನು ದಾಟಿಹೋದ ಮೇಲೆ ಪಕ್ಕದಲ್ಲಿ ಕುಳಿತು, "ಎಷ್ಟು ದಿನ ಆತವ್ವಾ?" ಎಂದಷ್ಟೇ ಕೇಳಿದಳು.

ಆ ತಾಯಿ ಮಗ ಹೋದ ದಾರಿಯನ್ನೊಮ್ಮೆ ನೋಡಿ, "ದೀಪಾವಳಿಂದ ಐತ್ರಿ. ಮಗನ ಮುಂದ ಹ್ಯಾಂಗ ಹೇಳ್ಲಿ?" ಎಂದಳು. ಎದೆಯಲ್ಲಿ ಗಂಟಾಗಿತ್ತು.

ಅಂದು ಅತ್ತೆ ಅವಳನ್ನು ಒಬ್ಬ ಹೆಣ್ಣು ಡಾಕ್ಟರಲ್ಲಿಗೆ ಕರೆದೊಯ್ದಳು. ಒಳಗೆ ಕೈ ಹಿಡಿದುಕೊಂಡು ಕುಳಿತಳು. ಶಸ್ತ್ರಚಿಕಿತ್ಸೆಯ ದಿನವೂ ಇದ್ದಳು, ಮುಂದಿನ ಎಲ್ಲ ದಿನಗಳಲ್ಲೂ ಇದ್ದಳು. ಇನ್ನು ಆರು ತಿಂಗಳು ತಡವಾಗಿದ್ದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರಂತೆ. ಆ ತಾಯಿ ಈಗಲೂ ಸುಗ್ಗಿಯಲ್ಲಿ ಒಂದು ಚೀಲ ಶೇಂಗಾ ಹೊರಿಸಿಕೊಂಡು ಬರುತ್ತಾಳೆ. ಬಂದಾಗ ಹೊಟ್ಟೆನೋವು ಹೇಗಿದೆ ಎಂದು ಅತ್ತೆ ಕೇಳುತ್ತಾಳೆ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಬೆಳ್ಳಟ್ಟಿಯ ನಂತರ ಹುಲಕೋಟಿ, ಮುಂಡರಗಿ, ಲಕ್ಷ್ಮೇಶ್ವರ ಎಲ್ಲ ಬಂದವು. ಅವಳನ್ನು ಕೆಲಸದಿಂದ ತೆಗೆದ ಮಾಲಕರೂ ಒಬ್ಬೊಬ್ಬರಾಗಿ ಬಂದರು. ಹಸಿರು-ನೀಲಿಯ ಸೀರೆ ಇನ್ನೂ ಆರು ಬೇಕೆಂದಿದ್ದ ವ್ಯಾಪಾರಿಯೂ ಪೊರೆ ತೆಗೆಸಲು ಬಂದ. ಕೆಲಸ ಹೆಚ್ಚಾಗಿ ಅತ್ತೆ ಮೂವರು ಹೆಂಗಸರನ್ನು ಇಟ್ಟುಕೊಂಡಳು. ಅವಳು ಸಂದರ್ಶನ ಮಾಡುವುದನ್ನು ನಾನೊಮ್ಮೆ ನೋಡಿದೆ. ಒಬ್ಬಾಕೆ ಹತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಪ್ರಮಾಣಪತ್ರ ತಂದಿದ್ದಳು. ನಾನಾಗಿದ್ದರೆ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದೆ. ಅತ್ತೆ ಅವಳಿಗೆ ಚಹಾ ಕುಡಿಸಿ ಕಳಿಸಿದಳು. "ಹತ್ತು ವರ್ಷ ಒಂದ ಕಡೆ ಕುಂತಾಳ, ಪಾಪ. ಅಕಿಗೆ ಏನ ಗೊತ್ತಿರ್ತೈತಿ?" ಎಂದಳು. ಇಪ್ಪತ್ತೆರಡು ವರ್ಷದವನು ಎದುರಿಗೇ ಕುಳಿತಿದ್ದೇನೆಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮ ಕಾಲೇಜಿಗೂ ಅವಳನ್ನು ಭಾಷಣಕ್ಕೆ ಕರೆದೆ. ಈ ಉದ್ಯಮಕ್ಕೆ ನಿಮ್ಮ ಯೋಜನೆ ಏನಿತ್ತೆಂದು ಒಬ್ಬ ವಿದ್ಯಾರ್ಥಿ ಕೇಳಿದ. ಯೋಜನೆ ಇದ್ದಿದ್ದರೆ ತಾನಿನ್ನೂ ನೂಲು ಸುತ್ತುತ್ತಿದ್ದೆ ಎಂದು ಹೇಳಿ, ಅವನ ಕೆಮ್ಮು ಎಷ್ಟು ದಿನದ್ದೆಂದು ವಿಚಾರಿಸಿದಳು. ಭಾಷಣ ಅಲ್ಲಿಗೆ ಮುಗಿದು ತಪಾಸಣೆ ಶುರುವಾಯಿತು.

ಹೋದ ವರ್ಷ, ಶ್ರಾವಣದಲ್ಲಿ, ನಾನು ಪಾಠ ಮಾಡುತ್ತಿದ್ದಾಗ ಅವಳ ಫೋನು ಬಂತು. "ನಿಮ್ಮಪ್ಪ ಇಲ್ಲಿ ಬಂದಾನ. ನೀ ಗಾಬರಿ ಆಗಬ್ಯಾಡ, ಬರೂದೂ ಬ್ಯಾಡ," ಎಂದಳು.

ಅಪ್ಪನಿಗೆ ಎಂಬತ್ತರ ಹತ್ತಿರ. ಎರಡು ತಿಂಗಳಿಂದ ಮೂತ್ರದಲ್ಲಿ ರಕ್ತ ಹೋಗುತ್ತಿತ್ತಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಅಂದು ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು, ಬೆಟಗೇರಿಯಿಂದ ಒಬ್ಬನೇ ಬಂದು, ಆ ಬೆಂಚಿನ ಮೇಲೆ ಹಳ್ಳಿಯವರ ನಡುವೆ ಕುಳಿತು, ತನ್ನ ಸರದಿ ಬರುವ ತನಕ ಕಾದಿದ್ದ. ಸರದಿ ಬಂದಾಗ ತಂಗಿಯ ಎದುರು ನಿಂತು, "ನನ್ನ ಜೋಡಿ ಬರ್ತೀಯೇನು?" ಎಂದಿದ್ದ. ಅತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಿದ್ದಳು.

ಬರಬೇಡವೆಂದರೂ ನಾನು ಮೇಜಿನ ಬಳಿಯಿದ್ದವರನ್ನು ಕೇಳಿಕೊಂಡು ಹೋದೆ. ಅಂದಿನ ಪರೀಕ್ಷೆಗಳಲ್ಲಿ ಕಂಡದ್ದು ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥದ್ದೇ ಎಂಬುದು ಎರಡು ದಿನಗಳ ಮೇಲೆ ತಿಳಿಯಿತು. ಅಪ್ಪ ಈಗ ಚೆನ್ನಾಗಿದ್ದಾನೆ. ಆದರೆ ಅಂದು ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಸ್ಕ್ಯಾನಿಂಗ್ ಕೇಂದ್ರದ ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಇಬ್ಬರೂ ಕಂಡರು. ಅಪ್ಪ ನಿದ್ದೆಹೋಗಿದ್ದ, ತಲೆ ಅತ್ತೆಯ ಹೆಗಲ ಮೇಲೆ ವಾಲಿತ್ತು. ಎಷ್ಟು ರಾತ್ರಿಗಳಿಂದ ನಿದ್ದೆಯಿರಲಿಲ್ಲವೋ ಏನೋ. ಒಳಗಿನಿಂದ ಒಬ್ಬಾಕೆ ಬಂದು ಅಪ್ಪನ ಹೆಸರು ಕೂಗಿದಳು. ಅತ್ತೆ ಹೆಗಲು ಅಲುಗದಂತೆ ಒಂದೇ ಕೈ ಎತ್ತಿ, ಹಿಂದಿನ ಪಾಳಿಯವರನ್ನು ಮೊದಲು ಕಳಿಸುವಂತೆ ಸನ್ನೆ ಮಾಡಿದಳು. ಅವರು ಒಳಗೆ ಹೋಗಿಬಂದರು. ಅವರ ಹಿಂದಿನವರೂ ಹೋಗಿಬಂದರು. ನಾನು ಹತ್ತಿರ ಹೋಗದೆ ಬಾಗಿಲಲ್ಲೇ ನಿಂತೆ. ನಾಲ್ಕು ಪಾಳಿ ದಾಟುವ ತನಕ ಅತ್ತೆ ಒಂದು ಮಾತೂ ಆಡಲಿಲ್ಲ.